ತೊರಕೆ ಮೇಡಂ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ಫೋಟೊಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ತೀರಿಕೊಂಡವರು ಶಾಂತ ಸ್ವಭಾವದವರಾಗಿದ್ದರು ಎಂದರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದರು ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಸ್ಟಾಫ್ ರೂಮಿನಲ್ಲಿ ವರ್ಷಾನುಗಟ್ಟಲೆ ಅವರ ಪಕ್ಕದ ಮೇಜಿನಲ್ಲಿ ಕೂತವಳು ನಾನು. ಅವರು ಹೊಂದಿಕೊಂಡು ಹೋದದ್ದನ್ನು ನಾನಂತೂ ಕಂಡಿಲ್ಲ. ಸತ್ತವರನ್ನು ಹೊಗಳಬೇಕು, ಒಪ್ಪುತ್ತೇನೆ. ಆದರೆ ಹೊಗಳುವಾಗ ಅವರನ್ನೇ ಹೊಗಳಬೇಕಲ್ಲವೇ? ಬದುಕಿದ್ದಾಗ ಅವರ ಸಿಟ್ಟನ್ನು ಕಂಡು ಬೇರೆ ದಾರಿ ಹಿಡಿಯುತ್ತಿದ್ದ ಜನ, ಅವರು ಇಲ್ಲವಾದ ಮೇಲೆ ಆ ಸಿಟ್ಟೇ ಇರಲಿಲ್ಲ ಎಂದುಬಿಟ್ಟರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಅವರಿಗೇ ಇಷ್ಟವಾಗುತ್ತಿರಲಿಲ್ಲ. ಹುಡುಗರು ಇಟ್ಟ ಹೆಸರೇ ಸಾಕು, ತೊರಕೆ ಮೇಡಂ.

ಹುಣಸೂರಿನಲ್ಲಿ ನಿಂತು ಎತ್ತ ನೋಡಿದರೂ ಸಮುದ್ರ ಕಾಣಿಸುವುದಿಲ್ಲ. ಕಾಣಿಸುವುದು ತಂಬಾಕು ಹೊಲ, ಮರದ ಲಾರಿ, ಕೊಡಗಿಗೆ ಹೋಗುವ ಬಸ್ಸು. ಇಂಥ ಊರಿನ ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವರಿಗೆ ಕಡಲ ಮೀನಿನ ಹೆಸರು ಬಂದದ್ದು ಹೇಗೆಂದರೆ, ಮೇಡಂ ಯಾವ ಪಾಠ ಶುರು ಮಾಡಿದರೂ ಅದು ತೊರಕೆಯಲ್ಲಿಗೇ ಹೋಗಿ ನಿಲ್ಲುತ್ತಿತ್ತು. ರಕ್ತ ಪರಿಚಲನೆ ಎಂದರೂ ತೊರಕೆ, ಉಸಿರಾಟ ಎಂದರೂ ತೊರಕೆ. ಬೋರ್ಡಿನ ಮೇಲೆ ಅದನ್ನು ಬರೆಯುವಾಗ ಅವರ ಕೈ ತಡವರಿಸುತ್ತಿರಲಿಲ್ಲ. ಮೊರದಷ್ಟು ಅಗಲದ ಚಪ್ಪಟೆ ಮೈ, ಎರಡು ಕಡೆ ರೆಕ್ಕೆಯ ಹಾಗೆ ಅಂಚು, ಹಿಂದೆ ಚಾಟಿಯಂಥ ಬಾಲ, ಬಾಲದಲ್ಲಿ ಮುಳ್ಳು. ಆಮೇಲೆ ಆ ಮೈಯೊಳಗೆ ಸುತ್ತಿಕೊಂಡು ಮಲಗಿದ ಒಂದು ಪುಟ್ಟ ತೊರಕೆಯನ್ನು ಬರೆಯುತ್ತಿದ್ದರು.

'ಇದು ಮೊಟ್ಟೆ ಇಟ್ಟು ಹೋಗೋ ಮೀನಲ್ಲ ಕಣ್ರೋ. ಮರಿ ಹಾಕ್ತದೆ. ತಿಂಗಳುಗಟ್ಟಲೆ ಹೊಟ್ಟೇಲಿ ಇಟ್ಕೊಂಡು, ಒಳಗೇ ಹಾಲಿನಂಥದ್ದು ಊಡಿಸಿ ಸಾಕ್ತದೆ. ನಿಮ್ಮವ್ವ ನಿಮ್ಮನ್ನ ಹೊತ್ಕೊಂಡಿರಲಿಲ್ವಾ, ಹಂಗೆ.'

ಯಾರಾದರೂ ಕಿಸಕ್ಕೆಂದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಕನ್ನಡಕ ಮುಖದಿಂದ ಇಳಿಯಿತೆಂದರೆ ಬೈಗುಳ ಬರುತ್ತದೆ ಎಂದು ಇಡೀ ಕಾಲೇಜಿಗೆ ಗೊತ್ತಿತ್ತು. 'ನಗು. ಚೆನ್ನಾಗಿ ನಗು. ನಾಳೆ ಮನೇಲಿ ಹೆಂಡ್ತಿ ಬಸುರಿ ಆದಾಗ ಏನಾಗ್ತಿದೆ ಅಂತ ಗೊತ್ತಿಲ್ದೆ ಬೆಪ್ಪನಂಗೆ ನಿಂತಿರ್ತೀಯಲ್ಲ, ಆಗಲೂ ನಗು.' ಸಂತಾನೋತ್ಪತ್ತಿಯ ಪಾಠವನ್ನು ಬಹಳ ಕಡೆ 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸುತ್ತಾರೆ. ಇವರು ಅದಕ್ಕೆ ಮಿಕ್ಕೆಲ್ಲ ಪಾಠಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಯಾರೋ ತಂದೆ ಬಂದು ಪ್ರಾಂಶುಪಾಲರ ಮುಂದೆ ತಕರಾರು ಮಾಡಿದರು. ಹೆಣ್ಣುಮಕ್ಕಳ ಎದುರಿಗೆ ಇದೆಲ್ಲ ಹೇಳುತ್ತಾರಂತೆ ಎಂದು. ಮೇಡಂ ಒಳಗೆ ಹೋಗಿ, 'ಹೆಣ್ಣುಮಕ್ಕಳ ಎದುರಿಗೆ ಹೇಳದೆ ಇನ್ನು ನಿಮ್ಮೆದುರಿಗೆ ಹೇಳಲಾ' ಎಂದು ಕೇಳಿ ವಾಪಸು ಬಂದರು.

ನಾನು ಇತಿಹಾಸದವಳು. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನನ್ನನ್ನು ಕಂಡರೆ ಅವರಿಗೆ ಒಂದು ತಮಾಷೆ. 'ನಿಮ್ಮ ಪಾಠ ಸಲೀಸು ಬಿಡಿ. ರಾಣಿಯರು ಹೆತ್ತದ್ದು ಮಾತ್ರ ಬರೀತೀರಿ. ಕಳ್ಕೊಂಡದ್ದು ಎಲ್ಲಾದರೂ ಬರೆದಿದ್ದೀರಾ?' ಎನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು. ಆದರೂ ಅಂದಿನಿಂದ ಯಾವ ವಂಶಾವಳಿ ನೋಡಿದರೂ ನನಗೆ ಅದರಲ್ಲಿ ಇಲ್ಲದವರ ಯೋಚನೆ ಬರುತ್ತದೆ.

ಅವರು ಗಾವಡಗೆರೆ ಕಡೆಯ ಒಕ್ಕಲು ಮನೆಯವರು. ಮೀನಿನ ಓದು ಓದಿ ಕರಾವಳಿಗೆ ಹೋಗಿ, ಅಲ್ಲಿನ ಬಂದರುಗಳಲ್ಲಿ ಒಂದು ಸಂಶೋಧನಾ ಯೋಜನೆಗೆ ಕೆಲಸ ಮಾಡಿದ್ದರು. ಬಲೆಗೆ ಸಿಕ್ಕ ತೊರಕೆಗಳ ಬಸಿರು ಏನಾಗುತ್ತದೆ ಎಂದು ನೋಡುವ ಕೆಲಸ. ಮೀನುಗಾರರ ಜೊತೆ ಬೋಟಿನಲ್ಲಿ ಹೋಗುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಆ ಕಥೆ ಹೇಳಲು ಕೂತರೆ ನಮಗೆ ತುತ್ತು ಇಳಿಯುತ್ತಿರಲಿಲ್ಲ.

'ಬಲೆ ಗಂಟೆಗಟ್ಟಲೆ ಎಳೀತಾರೆ. ಎಲ್ಲ ಮೀನೂ ಒಂದರ ಮೇಲೊಂದು ಬಿದ್ದು ಹಿಂಡಿಹೋಗ್ತವೆ. ಆಮೇಲೆ ಮೇಲಕ್ಕೆತ್ತಿ ಹಲಗೆ ಮೇಲೆ ಸುರೀತಾರೆ. ಬಸುರಿ ತೊರಕೆ ಹಲಗೆ ಮೇಲೆ ಬಿದ್ದು ಬಡ್ಕೊಳ್ತಾ ಬಡ್ಕೊಳ್ತಾನೇ ಹೊಟ್ಟೇಲಿದ್ದದ್ದನ್ನ ಹೊರಗೆ ಹಾಕಿಬಿಡ್ತದೆ. ದಿನ ತುಂಬಿರಲ್ಲ, ಏನಿಲ್ಲ. ನೋಡ್ದೋರು ಹಡೀತು ಹಡೀತು ಅಂತಾರೆ. ಹಡೆದಿದ್ದಾ ಅದು? ಕೆಡವಿಸಿದ್ದು ಕಣ್ರೀ.'

'ವಾಪಸು ನೀರಿಗೆ ಬಿಟ್ಟರೆ?' ಎಂದು ನಾನು ಒಮ್ಮೆ ಕೇಳಿದ್ದೆ.

'ಬಿಟ್ರೆ ತಾಯಿ ಬದುಕ್ಕೋಬಹುದು. ಖಾಲಿ ಹೊಟ್ಟೇಲಿ ಹೋಗ್ತದೆ. ಕೆಲವು ಅಷ್ಟಾದ್ರೂ ಮರೀನ ಒಳಗೇ ಹಿಡ್ಕೊಂಡು ಹೋಗ್ತವೆ. ಆ ಮರಿ ಹುಟ್ಟುವಾಗಲೇ ಸೊರಗಿರ್ತದೆ. ತಾಯಿ ಪಟ್ಟ ಗಾಬರಿ ಅದಕ್ಕೂ ತಗುಲಿರ್ತದೆ. ಮೇಲೆ ನೋಡಿದ್ರೆ ಒಂದು ಗಾಯ ಕಾಣಲ್ಲ.'

ಅವರು ಕರಾವಳಿ ಬಿಟ್ಟದ್ದೂ ಈ ಮಾತಿನಿಂದಲೇ. ಬಲೆಗೆ ಸಿಕ್ಕ ತೊರಕೆಗಳನ್ನು ಜೀವಂತವಾಗಿ ಸಮುದ್ರಕ್ಕೆ ಬಿಟ್ಟರೆ ಅಷ್ಟೂ ಉಳಿದಂತೆ ಎಂದು ಮೇಲಿನವರು ಒಂದು ಸಭೆಯಲ್ಲಿ ಭಾಷಣ ಮಾಡುತ್ತಿದ್ದರಂತೆ. ಇವರು ಎದ್ದು ನಿಂತು, 'ತಾಯಿ ಉಳೀತು ಸಾರ್, ಹೊಟ್ಟೇಲಿದ್ದದ್ದು?' ಎಂದು ಕೇಳಿದರಂತೆ. ಅದು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರ ಬಂತು. 'ಹಂಗಾದ್ರೆ ನಾನು ಇಷ್ಟು ದಿನ ನೋಡಿದ್ದು ಏನನ್ನ?' ಎಂದರಂತೆ ಇವರು. ಮುಂದಿನ ಸಲ ಇವರನ್ನು ಆ ಕೆಲಸಕ್ಕೆ ಕರೆಯಲಿಲ್ಲ. ಉಪನ್ಯಾಸಕಿಯ ಹುದ್ದೆ ಸಿಕ್ಕಿತು, ಊರ ಕಡೆ ಬಂದರು. ಕಣ್ಣಾರೆ ಕಂಡದ್ದನ್ನು ಕಂಡೆ ಎಂದದ್ದಕ್ಕೆ ಮನೆಗೆ ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ.

ಮೀನು ತಿನ್ನಬಾರದು ಎನ್ನುವ ಪೈಕಿ ಅವರಲ್ಲ. ಭಾನುವಾರ ಬಂಗುಡೆ ಸಾರು ಆಗಲೇಬೇಕು. ಪೇಟೆಯಲ್ಲಿ ಅವರು ಮೀನು ಕೊಳ್ಳುತ್ತಿದ್ದ ಅಂಗಡಿ ಒಬ್ಬ ಸಾಬರದು. ಕಡಲ ಮೀನು ಕೇರಳದ ಕಡೆಯ ಲಾರಿಯಲ್ಲಿ ಬರುತ್ತಿದ್ದರಿಂದ ಆತ ತೊರಕೆಯನ್ನು ಅಲ್ಲಿಯವರ ಹಾಗೆ ತಿರಂಡಿ ಎನ್ನುತ್ತಿದ್ದ. ಮೇಡಂ ಬರುವುದು ದೂರದಿಂದ ಕಂಡರೆ ತಿರಂಡಿಯ ಮೇಲೆ ಗೋಣಿಚೀಲ ಎಳೆಯುತ್ತಿದ್ದ. ಇವರು ಗೋಣಿಚೀಲ ಸರಿಸಿಯೇ ಸರಿಸುತ್ತಿದ್ದರು. ಬಸುರಿ ಮೀನು ಕಂಡರೆ ಅಲ್ಲೇ ಶುರು.

'ನಾನೇನ್ ಸಮುದ್ರಕ್ಕೆ ಹೋಗಿದ್ನಾ ಮೇಡಂ? ಲಾರಿ ತರ್ತದೆ, ನಾನ್ ಮಾರ್ತೀನಿ. ಬೈಯೋದೆಲ್ಲ ನಂಗೇ ಬೈತೀರಲ್ಲ' ಎಂದು ಆತ ಒಮ್ಮೆ ನೊಂದುಕೊಂಡೇ ಹೇಳಿದ.

'ಗೊತ್ತು ಭಾಯಿ. ಬೈಸ್ಕೋಬೇಕಾದೋರು ಇಲ್ಲಿಗೆ ಬರಲ್ಲ. ನೀವೊಬ್ರೇ ಕೈಗೆ ಸಿಗೋದು' ಎಂದರು ಮೇಡಂ. ಆತ ನಕ್ಕು ಎರಡು ಬಂಗುಡೆ ಹೆಚ್ಚಿಗೆ ಹಾಕಿದ. ಬೈಗುಳದಲ್ಲೂ ಅವರಿಗೆ ನ್ಯಾಯ ಅನ್ಯಾಯದ ಅರಿವು ಇತ್ತು ಎಂದು ಹೇಳುವುದಕ್ಕೆ ಇದನ್ನು ಬರೆದೆ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೇಡಂ ಪಾಠವನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವಳು, ಚೆನ್ನಾಗಿ ಬರೆಯುತ್ತಿದ್ದವಳು. ಪಿ.ಯು. ಮುಗಿಯುತ್ತಿದ್ದಂತೆ ಕಂಪಲಾಪುರದ ಕಡೆಗೆ, ತಂಬಾಕು ಬೆಳೆಯುವ ದೊಡ್ಡ ಒಕ್ಕಲು ಮನೆಗೆ ಮದುವೆ ಮಾಡಿದರು. ಆಮೇಲೊಂದು ದಿನ ಏನೋ ಪ್ರಮಾಣಪತ್ರ ಬೇಕೆಂದು ಕಾಲೇಜಿಗೆ ಬಂದಳು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಕೂರಮ್ಮ ಎಂದದ್ದೇ ತಡ, ಅಳುತ್ತ ಹೇಳಿದಳು.

ಏಳು ತಿಂಗಳಿಗೆ ಮಗು ಹೋಗಿತ್ತು. ಸೊಪ್ಪು ಕೀಳುವ ಕಾಲ. ಬ್ಯಾರನ್ ಎಂದರೆ ಹಸಿ ತಂಬಾಕನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಎತ್ತರದ ಮನೆ. ಗಂಡಸರು ಒಳಗಿನ ಅಟ್ಟಣೆ ಹತ್ತಿ ನಿಲ್ಲುತ್ತಾರೆ, ಕೆಳಗಿನಿಂದ ಹೆಂಗಸರು ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಒಂದೊಂದಾಗಿ ತಲೆಯ ಮೇಲಕ್ಕೆತ್ತಿ ಕೊಡಬೇಕು. ಅವತ್ತು ಕೂಲಿಗೆ ಜನ ಸಿಗಲಿಲ್ಲ. ಕಿತ್ತ ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು. ಬಸುರಿಯನ್ನೇ ನಿಲ್ಲಿಸಿದರು. ಸಂಜೆಗೆ ನೋವು ಬಂತು. ಅದಾದ ಮೇಲೆ ಒಂದು ವರ್ಷ ದಾಟಿದರೂ ಮತ್ತೆ ನಿಂತಿರಲಿಲ್ಲ. ಮನೆಯಲ್ಲಿ ಯಾರೂ ಬ್ಯಾರನ್ನಿನ ಮಾತೆತ್ತಲಿಲ್ಲ. ಅವಳ ಹೊಟ್ಟೆಯೇ ನಿಲ್ಲುವ ಹೊಟ್ಟೆಯಲ್ಲ ಎಂದು ತೀರ್ಮಾನ ಮಾಡಿದರು. ತವರಿಗೆ ಕಳಿಸಿ, ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ನಡೆದಿತ್ತು.

'ನನ್ನ ಹೊಟ್ಟೇದೇ ತಪ್ಪಾ ಮೇಡಂ?' ಎಂದು ಕೇಳಿದಳು.

ಮೇಡಂ ಕನ್ನಡಕ ತೆಗೆದರು. ಬೈಯಲು ಎದುರಿಗೆ ಯಾರೂ ಇರಲಿಲ್ಲ. ಕನ್ನಡಕವನ್ನು ಒರೆಸಿ ಒರೆಸಿ ಹಾಗೇ ಹಾಕಿಕೊಂಡು, ಮೈಸೂರಿಗೆ ಕರೆದುಕೊಂಡು ಹೋಗಿ ಒಳ್ಳೆಯ ಡಾಕ್ಟರಿಗೆ ತೋರಿಸುತ್ತೇನೆ ಬಾ ಎಂದರು. 'ಅತ್ತೆ ಬುಡಲ್ಲ ಮೇಡಂ' ಎಂದು ಹುಡುಗಿ ಎದ್ದು ಹೋದಳು.

ಇದಾದ ಸ್ವಲ್ಪ ದಿನಕ್ಕೆ ಹುಣಸೂರಿಗೆ ಕಡಲ ಮೀನಿನ ಎಕ್ಸಿಬಿಷನ್ ಬಂತು. ಊರಾಚೆ ಮೈದಾನದಲ್ಲಿ ದೊಡ್ಡ ಡೇರೆ. ಒಳಗೆ ಗಾಜಿನ ಸುರಂಗ, ಬಣ್ಣದ ದೀಪ, ಕಿವಿ ಕಿತ್ತುಹೋಗುವ ಹಾಡು. ಕೊನೆಯಲ್ಲಿ ಸೊಂಟದೆತ್ತರದ ಒಂದು ತೆರೆದ ತೊಟ್ಟಿ. ಅದರಲ್ಲಿ ಎರಡು ತೊರಕೆ. ಬಾಲದ ಮುಳ್ಳು ಕತ್ತರಿಸಿದ್ದರು. ಬೇರೆ ಟಿಕೆಟ್ ಕೊಂಡರೆ ಕೈಯಿಂದ ಮುಟ್ಟಬಹುದು. ಬಂದರಿನಲ್ಲಿ ಬಲೆಯಿಂದ ಜೀವಂತ ಸಿಕ್ಕವನ್ನು ಕೊಂಡು, ಡ್ರಮ್ಮಿನಲ್ಲಿ ತುಂಬಿ, ಘಾಟಿ ಹತ್ತಿಸಿ ತಂದಿದ್ದರು.

ಶುರುವಾದ ಮಾರನೆಯ ದಿನವೇ ಒಂದು ತೊರಕೆ ಮರಿ ಹಾಕಿತು. ಅದನ್ನು ನಾವು ನೋಡಲಿಲ್ಲ, ಮೈಕಿನಲ್ಲಿ ಕೇಳಿದೆವು. ಊರೆಲ್ಲ ಆಟೋ ಓಡಿಸಿ ಕೂಗಿದರು. ಸಮುದ್ರದ ತಾಯಿ ಹುಣಸೂರಿನ ಮಣ್ಣಿಗೆ ಬಂದು ಹಡೆದಿದ್ದಾಳೆ, ಬನ್ನಿ, ನೋಡಿ, ಪುನೀತರಾಗಿ. ಜನ ಮುಗಿಬಿದ್ದರು. ಹೆಂಗಸರು ಅರಿಶಿನ ಕುಂಕುಮ ತಂದು ತೊಟ್ಟಿಯ ಅಂಚಿಗೆ ಹಚ್ಚಿದರು. ಮರಿಗಳು ಆವತ್ತು ಸಂಜೆಗೇ ಸತ್ತಿದ್ದವು. ಅವನ್ನು ಸಾಕಲು ಮೈಸೂರಿಗೆ ಕಳಿಸಿದ್ದೇವೆ ಎಂದು ಡೇರೆಯ ಮಾಲೀಕ ಹೇಳಿದ, ಜನ ನಂಬಿದರು. ಮಕ್ಕಳಾಗದವರು ಇನ್ನೊಂದು ಬಸುರಿ ತೊರಕೆಯನ್ನು ಮುಟ್ಟಿದರೆ ಫಲ ಸಿಗುತ್ತದೆ ಎಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಕೆ.ಆರ್. ನಗರದ ಬಸ್ಸಿನಲ್ಲೂ ಅದೇ ಮಾತು, ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಬರುವ ನಮ್ಮ ಗುಮಾಸ್ತೆಯ ಬಾಯಲ್ಲೂ ಅದೇ ಮಾತು.

ಮೇಡಂ ನನ್ನನ್ನು ಎಳೆದುಕೊಂಡು ಡೇರೆಗೆ ಹೋದರು. ಇನ್ನೂ ಮರಿ ಹಾಕದಿದ್ದ ತೊರಕೆಯನ್ನು ಬಗ್ಗಿ ನೋಡಿದರು. ಅದರ ಬೆನ್ನು ಎರಡು ಕಡೆ ಉಬ್ಬಿತ್ತು. ಮೂಲೆಗೆ ಒತ್ತಿಕೊಂಡು ಒಂದೇ ಸಮ ಉಸಿರಾಡುತ್ತಿತ್ತು. ಮಾಲೀಕ ಕೇರಳದ ಗಡಿಯವನು, ಹೆದರಿಸಿದರೆ ಹೆದರುವಂಥ ಸಾಧು ಮನುಷ್ಯ.

'ಇದರ ಹೊಟ್ಟೇಲಿ ಮರಿ ಇದೆ. ಯಾರನ್ನೂ ಮುಟ್ಟೋಕೆ ಬಿಡಬೇಡಿ. ಆ ಹಾಡು ನಿಲ್ಸಿ, ದೀಪ ಆರಿಸಿ, ತೊಟ್ಟಿ ಮೇಲೆ ಒಂದು ಟಾರ್ಪಾಲು ಮುಚ್ಚಿ. ಎತ್ತಲೇಬೇಡಿ. ಎತ್ತಿದ್ರೆ ಕೆಡವ್ತದೆ.'

'ಸರಿ ಚೇಚಿ. ಅಷ್ಟೇ ಅಲ್ವಾ, ಮುಚ್ತೀನಿ' ಎಂದ ಅವನು. ಚೇಚಿ ಎಂದರೆ ಅವರ ಕಡೆ ಅಕ್ಕ. ನಮ್ಮೆದುರಿಗೇ ಟಾರ್ಪಾಲು ಮುಚ್ಚಿದ.

ಅಲ್ಲಿಂದ ಬಂದು ಮೇಡಂ ಮೀನುಗಾರಿಕೆ, ಪಶು ಇಲಾಖೆ ಎಂದು ಕಚೇರಿ ಕಚೇರಿಗೆ ಫೋನ್ ಮಾಡಿದರು. ಆ ತೊರಕೆಯನ್ನು ಮತ್ತೆ ಕಡಲಿಗೆ ಸೇರಿಸುವ ದಾರಿ ಏನಾದರೂ ಇದೆಯೇ ಎಂದು ಕೇಳಿದರು. ಒಬ್ಬರು ಕೆರೆ ಮೀನಾದರೆ ನಮಗೆ ಬರುತ್ತದೆ, ಸಮುದ್ರದ್ದು ಬರುವುದಿಲ್ಲ ಎಂದರು. ಇನ್ನೊಬ್ಬರು ದನಕರುವಾದರೆ ಬರುತ್ತಿದ್ದೆವು ಎಂದರು. ಮತ್ತೊಬ್ಬರು, 'ಒಂದು ಮೀನಿಗೆ ಇಷ್ಟಾ ಮೇಡಂ' ಎಂದು ನಕ್ಕರು. ನಕ್ಕವರ ಧ್ವನಿ ನನಗೆ ಪಕ್ಕದಲ್ಲಿ ಕೂತು ಕೇಳಿಸುತ್ತಿತ್ತು. ನಮ್ಮ ಊರಲ್ಲಿ ಜವಾಬ್ದಾರಿ ಯಾರದ್ದೂ ಅಲ್ಲ ಎಂದು ಸಾಬೀತು ಮಾಡಲು ಜನ ಪಡುವ ಶ್ರಮದಲ್ಲಿ ಕಾಲು ಭಾಗ ಪಟ್ಟಿದ್ದರೂ ಆ ಮೀನು ಕಡಲು ಸೇರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮೈಕಿನ ಆಟೋ ಮತ್ತೆ ಬಂತು. ಈ ದಿನ ಸಮುದ್ರ ತಾಯಿಗೆ ಸೀಮಂತ. ಮಡಿಲು ತುಂಬಲು ಮುತ್ತೈದೆಯರಿಗೆ ಅವಕಾಶ. ಮೇಡಂ ಹಾಜರಿ ಪುಸ್ತಕ ನನ್ನ ಮೇಜಿನ ಮೇಲೆ ಎಸೆದು ಹೊರಟರು. ನಾನು ಹಿಂದೆ ಓಡಿದೆ.

ನಾವು ಹೋಗುವ ಹೊತ್ತಿಗೆ ಡೇರೆ ತುಂಬಿತ್ತು. ತೊಟ್ಟಿಯ ಸುತ್ತ ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಹಾರ, ಹಸಿರು ಬಳೆಯ ಸರ. ಮಡಿಲು ತುಂಬುವುದೆಂದರೆ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣವನ್ನು ಬಸುರಿಯ ಮಡಿಲಿಗೆ ಹಾಕಬೇಕು. ಮೀನಿಗೆ ಮಡಿಲೆಲ್ಲಿದೆ? ಅದಕ್ಕೂ ಅಲ್ಲಿದ್ದ ಹಿರಿಯ ಹೆಂಗಸರು ಕೂತು ಚರ್ಚೆ ಮಾಡಿ ದಾರಿ ಕಂಡುಹಿಡಿದಿದ್ದರು. ನೀರಿನಿಂದೆತ್ತಿ, ಮಗುಚಿ, ಹೊಟ್ಟೆ ಮೇಲೆ ಮಾಡಿ ಹಿಡಿದರೆ ಅದೇ ಮಡಿಲು. ಅಲ್ಲಿಗೆ ಅಕ್ಕಿ ಹಾಕಿ, ಆ ಅಕ್ಕಿಯನ್ನೇ ಮಕ್ಕಳಾಗದವಳ ಸೆರಗಿಗೆ ಹಾಕಿದರೆ ಕೆಲಸ ಆಯಿತು. ಸಾಲಿನ ಮೊದಲಿಗೆ ತಟ್ಟೆ ಹಿಡಿದು ನಿಂತಿದ್ದವಳು ಕಂಪಲಾಪುರ ಕಡೆಯ ಆ ಅತ್ತೆ. ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ಸೊಸೆ, ನಮ್ಮ ಹುಡುಗಿ.

'ಎತ್ತಬೇಡಿ' ಎಂದು ಮೇಡಂ ಬಾಗಿಲಿನಿಂದಲೇ ಕೂಗಿದರು. ಹಾಡಿನ ಅಬ್ಬರದಲ್ಲಿ ಅದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಅವರು ಅರ್ಧ ದಾರಿ ಹೋಗುವುದರೊಳಗೆ ಇಬ್ಬರು ಆಳುಗಳು ಬಲೆ ಹಾಕಿ ತೊರಕೆಯನ್ನು ಮೇಲಕ್ಕೆತ್ತಿದರು. ಮಗುಚಿ ಹಿಡಿದರು. ಬೆಳ್ಳಗಿನ ಹೊಟ್ಟೆ, ಅದರ ಮೇಲೆ ಉಸಿರಿನ ಸೀಳುಗಳು ತೆರೆದು ಮುಚ್ಚುತ್ತಿದ್ದವು. ಅತ್ತೆ ಕಣ್ಣುಮುಚ್ಚಿ ಬೇಡಿಕೊಂಡು ಅಕ್ಕಿ ಸುರಿದಳು. ತೊರಕೆ ಮೈಯನ್ನು ಒಮ್ಮೆ ಬಿಲ್ಲಿನಂತೆ ಬಗ್ಗಿಸಿತು. ಮರಿಗಳು ಕೆಳಗೆ ಹಾಸಿದ್ದ ಪ್ಲಾಸ್ಟಿಕ್ಕಿನ ಮೇಲೆ ಬಿದ್ದವು.

ಜನ ಚಪ್ಪಾಳೆ ತಟ್ಟಿದರು. ಮೈಕಿನವನು ಹುಣಸೂರಿನ ಭಾಗ್ಯ ಎಂದು ಶುರು ಮಾಡಿದ. ಮೇಡಂ ಅವನ ಕೈಯಿಂದ ಮೈಕು ಕಿತ್ತುಕೊಂಡರು.

'ಮೊದಲು ಅದನ್ನ ನೀರಿಗೆ ಬಿಡ್ರೋ' ಎಂದರು. ಆಳುಗಳು ಗಾಬರಿಯಾಗಿ ತೊರಕೆಯನ್ನು ತೊಟ್ಟಿಗೆ ಬಿಟ್ಟರು. ಮಾಲೀಕ ಯಾರ ಮುಖವನ್ನೂ ನೋಡದೆ ಹಾಡು ನಿಲ್ಲಿಸಿದ. 'ಈಗ ಚಪ್ಪಾಳೆ ನಿಲ್ಸಿ. ಇದು ಸಾವಿನ ಮನೆ. ಸಾವಿನ ಮನೇಲಿ ಹೆಂಗಿರ್ತೀರೋ ಹಂಗಿರಿ.'

ಅತ್ತೆಗೆ ಸಿಟ್ಟು ಬಂತು. 'ಒಳ್ಳೆ ಒತ್ನಲ್ಲಿ ಯಾಕಂಗಂತೀರಿ ಮೇಡಮ್ಮೋರೆ. ಮರಿ ಆಡ್ತಾ ಅವಲ್ಲ.'

'ಆಡ್ತಾ ಇಲ್ಲ ತಾಯಿ, ಒದ್ದಾಡ್ತಾ ಇವೆ. ಬಗ್ಗಿ ನೋಡಿ. ಹೊಟ್ಟೆ ಹತ್ರ ಹಳದಿ ಚೀಲ ನೇತಾಡ್ತಾ ಇದೆ. ಅದು ಕರಗಿ ಒಳಗೆ ಸೇರಿ, ಮೈ ತುಂಬ್ಕೊಂಡ ಮೇಲೆ ಹೊರಗೆ ಬರಬೇಕಾಗಿತ್ತು ಇವು. ನೀವು ಎತ್ತಿ, ಮಗುಚಿ, ಅಕ್ಕಿ ಸುರಿದು ಕೆಡವಿದ್ರಿ.'

ಅಷ್ಟರಲ್ಲಿ ಒಂದು ಮರಿ ನಿಂತುಹೋಗಿತ್ತು. ಅದನ್ನು ನೋಡಿ ಅತ್ತೆಯ ದನಿ ಸ್ವಲ್ಪ ಇಳಿಯಿತು. 'ಏನೋ, ಅದ್ರ ಒಟ್ಟೆ ನಿಲ್ಲೋ ಒಟ್ಟೆ ಅಲ್ಲ ಅಂತ ಕಾಣ್ತದೆ. ನಮ್ ಸೊಸೇದೂ ಅಂಗೇಯ' ಎಂದಳು.

ಮೇಡಂ ಕನ್ನಡಕ ತೆಗೆಯಲಿಲ್ಲ. ಅದು ನನಗೆ ಈಗಲೂ ನೆನಪಿದೆ, ಏಕೆಂದರೆ ಅವರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡದ್ದೇ ಇಲ್ಲ.

'ಅದ್ರ ಹೊಟ್ಟೆ ನೆಟ್ಟಗಿತ್ತು. ಸಮುದ್ರದಲ್ಲಿ ಅದರ ಪಾಡಿಗೆ ಬಿಟ್ಟಿದ್ರೆ ನಿಲ್ತಿತ್ತು. ನಿಮ್ಮ ಸೊಸೆ ಹೊಟ್ಟೆ ವಿಷಯ ನಾನು ಹೇಳೋಳಲ್ಲ, ನೀವೂ ಹೇಳೋರಲ್ಲ, ಡಾಕ್ಟ್ರು ನೋಡಿ ಹೇಳ್ಬೇಕು. ಆದ್ರೆ ಏಳು ತಿಂಗಳ ಬಸುರೀನ ದಿನವೆಲ್ಲ ಬ್ಯಾರನ್ ಹತ್ರ ನಿಲ್ಸಿ ಕಡ್ಡಿ ಎತ್ತಿಸ್ದೋರು ಯಾರು, ಅದನ್ನ ಹೇಳಿ. ಬ್ಯಾರನ್ ಮನೇಲೇ ಹುಟ್ಟಿದೋಳು ನಾನು. ಒಂದು ಕಡ್ಡಿ ಸೊಪ್ಪು ಎಷ್ಟು ಭಾರ ಅಂತ ನಂಗೆ ಗೊತ್ತು.'

ಡೇರೆಯಲ್ಲಿದ್ದ ಜನರೆಲ್ಲ ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನರ ಎದುರಿಗೆ ಆ ಹೆಂಗಸನ್ನು ನಿಲ್ಲಿಸಿ ಕೇಳಿದ್ದು ಸರಿಯೋ ತಪ್ಪೋ ಎಂದು ಆಮೇಲೆ ಕಾಲೇಜಿನಲ್ಲಿ ಬಹಳ ಮಾತಾಯಿತು. ಸೊಸೆಯ ಹೊಟ್ಟೆಯ ಮಾತನ್ನು ಊರೆಲ್ಲ ಆಡಿಕೊಂಡಾಗ ಅದು ಸರಿಯೋ ತಪ್ಪೋ ಎಂದು ಇವರಲ್ಲಿ ಒಬ್ಬರೂ ಕೇಳಿರಲಿಲ್ಲ.

'ಎಲ್ರೂ ಮಾಡ್ತರೆ ಕಣವ್ವ' ಎಂದಳು ಅತ್ತೆ. 'ನಾನೂ ಮಾಡಿದ್ದೆ. ನಂದೂ ಒಂದು ಅಂಗೇ ಓಯ್ತು. ಯಾರೂ ಕೇಳ್ನಿಲ್ಲ.' ತಟ್ಟೆಯನ್ನು ತೊಟ್ಟಿಯ ಅಂಚಿಗಿಟ್ಟಳು. 'ಅವತ್ತು ಆಳು ಬರ್ನಿಲ್ಲ. ಸೊಪ್ಪು ಬಾಡ್ತಿತ್ತು. ನಾನೇ ಕಳಿಸ್ದೆ. ಆಮೇಲೆ ಏನ್ ಏಳಾನ, ಇವ್ಳ ಒಟ್ಟೆ ಮ್ಯಾಲೇ ಆಕ್ಬುಟ್ಟೆ.'

ಹುಡುಗಿ ಅತ್ತೆಯ ಕಡೆ ನೋಡಲಿಲ್ಲ. ಕೆಳಗೆ ಕೂತು ಮರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಈಗ ಯಾವುದೂ ಅಲುಗಾಡುತ್ತಿರಲಿಲ್ಲ. ತಟ್ಟೆಯಲ್ಲಿದ್ದ ಹಸಿರು ರವಿಕೆ ಕಣ ಬಿಡಿಸಿ, ಅವನ್ನು ಅದರಲ್ಲಿಟ್ಟು ಸುತ್ತಿದಳು. ಸುತ್ತುತ್ತಲೇ ಕೇಳಿದಳು.

'ಅತ್ತೆ, ನನ್ ಮಗೀನ ಎಲ್ಲಿ ಮಣ್ಣು ಮಾಡಿದ್ರಿ? ನಂಗೆ ತೋರಿಸ್ಲೂ ಇಲ್ಲ ನೀವು.'

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. 'ತೋರಿಸ್ಬಾರ್ದು ಅಂತಾರೆ ಕಣವ್ವ' ಎಂದಳು. ಆಮೇಲೆ, 'ಎಣ್ಣು ಮಗ. ಬ್ಯಾರನ್ ಇಂದ್ಗಡೆ, ಒಂಗೆ ಮರದ ಬುಡದಲ್ಲಿ' ಎಂದಳು.

ಹುಡುಗಿಯ ಕೈ ನಿಂತಿತು.

'ಆ ಮರದ ನೆಳ್ಳಲ್ಲೇ ಅಲ್ವಾ ಅತ್ತೆ, ನೀವು ನನ್ನ ದಿನಾ ಸೊಪ್ಪು ಕಟ್ಟೋಕೆ ಕೂರ್ಸೋದು?'

ಅತ್ತೆ ಹೂಂ ಎಂದು ತಲೆಯಾಡಿಸಿದಳು. ಮೇಡಂ ಈ ಸಲ ಬೈಯಲಿಲ್ಲ. ಅವರು ಆ ಒದ್ದೆ ನೆಲದ ಮೇಲೆ ಹುಡುಗಿಯ ಪಕ್ಕದಲ್ಲಿ ಕೂತರು, ಅವಳ ಕೈ ಹಿಡಿದು, ಅಷ್ಟು ಜನರ ಎದುರಿಗೆ ಜೋರಾಗಿ ಅತ್ತುಬಿಟ್ಟರು.